ಕಟಕಟೆಯಲ್ಲಿ ಒಂದೇ ಮಾತು ಆಡಿ

ತಮ್ಮನ ಮನೆಯಿಂದ,
ಹೊಸದುರ್ಗ ತಾಲ್ಲೂಕು
೧೦ ನವೆಂಬರ್ ೨೦೨೫

ಯಶೋದಾಳ ಅಪ್ಪನಿಗೆ ನಮಸ್ಕಾರ.

ನಾನು ಕ್ಷೇಮ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ, ಕೇಳಿದರೆ ಹೇಳಲು ಶುರು ಮಾಡುತ್ತೀರಿ. ನಿಮ್ಮ ಜಾಮೀನಿನ ಷರತ್ತಿನ ಪ್ರಕಾರ ಸಾಕ್ಷಿಗಳ ಜೊತೆ ನೀವು ಮಾತಾಡುವ ಹಾಗಿಲ್ಲ, ಚಾರ್ಜ್‌ಶೀಟಿನಲ್ಲಿ ಎರಡನೇ ಸಾಕ್ಷಿ ನಾನೇ. ಆದರೆ ಸಾಕ್ಷಿಯಾದವಳು ಆರೋಪಿಗೆ ಕಾಗದ ಬರೆಯಬಾರದು ಎಂದು ಅದರಲ್ಲಿ ಎಲ್ಲೂ ಇಲ್ಲ, ಮಗಳ ಕೈಲಿ ಎರಡು ಸಲ ಓದಿಸಿದ್ದೇನೆ. ಮದುವೆಯಾಗಿ ಇಪ್ಪತ್ನಾಲ್ಕು ವರ್ಷಕ್ಕೆ, ನಡುವೆ ಬಾಯಿ ಹಾಕದೆ ನೀವು ನನ್ನ ಮಾತು ಪೂರ್ತಿ ಕೇಳುವ ಕಾಲ ಬಂತು. ಕೋರ್ಟಿಗೆ ಪುಣ್ಯ ಬರಲಿ.

ಇಷ್ಟಕ್ಕೆಲ್ಲ ನಿಮ್ಮ ಬಾಯಿಯೇ ಕಾರಣ. ಮಾರ್ಚ್‌ನಲ್ಲಿ ಹಾಲುರಾಮೇಶ್ವರದಲ್ಲಿ ಪೂಜೆ ಮುಗಿಸಿ ಬೈಕ್ ಹತ್ತಿದವರು, ಯಾರದೋ ಬೋರ್‌ವೆಲ್ ಕಥೆ ಹೇಳುತ್ತಾ ಹೊಸದುರ್ಗ ಮುಟ್ಟಿದಿರಿ. ಹಿಂದಿನ ಸೀಟಿನಲ್ಲಿ ನಾನಿಲ್ಲ ಎಂದು ಗೊತ್ತಾಗಿದ್ದು, ಪೆಟ್ರೋಲ್ ಬಂಕಿನವರು "ಯಾರ್ ಜೊತೆ ಮಾತಾಡ್ತಿದೀರಿ ಯಜಮಾನ್ರೇ?" ಎಂದು ಕೇಳಿದ ಮೇಲೆ. ನಾನು ಚಪ್ಪಲಿ ಬಿಟ್ಟ ಜಾಗದಲ್ಲೇ ಒಂದು ಗಂಟೆ ಕಾದು, ಬಸ್ಸು ಹತ್ತಿ ತಮ್ಮನ ಮನೆಗೆ ಬಂದೆ. ಸಿಟ್ಟು ಬಂದಿತ್ತು. ಈಗಲೂ ಇದೆ, ಸ್ವಲ್ಪ.

ಹದಿನೈದು ದಿನ ಬಿಟ್ಟು ಕರೆಯಲು ಬಂದಿರಿ. ನಾನು ಬರಲಿಲ್ಲ. ತಮ್ಮ ಪರಮೇಶ ಹೊಲದಿಂದ ಬರುವಷ್ಟರಲ್ಲಿ ನೀವೂ ಇರಲಿಲ್ಲ, ಕುರಿ ರೊಪ್ಪದಲ್ಲಿದ್ದ ಟಗರೂ ಇರಲಿಲ್ಲ. ಅಪ್ಪ ನನ್ನ ಪಾಲಿಗೆ ಬಿಟ್ಟ ಕುರಿಯ ಮರಿ ಅದು, ಆದರೆ ಮೇಯಿಸಿ ಬೆಳೆಸಿದವನು ಪರಮೇಶ. "ಭಾವ ಕದ್ಕಂಡ್ ಹೋಗ್ಯಾನೆ" ಎನ್ನುತ್ತಾ ಅವನು ನೇರ ಠಾಣೆಗೆ ಹೋದ. ಪೊಲೀಸರು ಬಂದು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಟ್ಟ, ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ಅತ್ತ ನೀವು, ನಿಮ್ಮನ್ನು ಹಿಡಿಯಲು ಬಂದ ಪೊಲೀಸರಿಗೇ "ಕುಂತ್ಕಳ್ರಿ ಸಾರ್, ಎಲ್ಲಾ ಹೇಳ್ತೀನಿ" ಎಂದು ಒಪ್ಪಿಕೊಂಡಿರಂತೆ. ಬಾಯಿ ಬಿಡಬೇಕಾದಾಗ ನಾನು ಬಿಡಲಿಲ್ಲ, ಮುಚ್ಚಬೇಕಾದಾಗ ನೀವು ಮುಚ್ಚಲಿಲ್ಲ.

ನಿಮ್ಮ ಮನೆಯಿಂದ ಪೊಲೀಸರು ಹಿಡಿದು ತಂದ ಟಗರನ್ನು ಕೇಸು ಮುಗಿಯುವವರೆಗೆ ನೋಡಿಕೊಳ್ಳಲು ಕೋರ್ಟು ಪರಮೇಶನಿಗೆ ಕೊಟ್ಟಿದೆ. ಮಾರಬಾರದು, ರೂಪ ಬದಲಿಸಬಾರದು, ಕೇಳಿದಾಗ ಹಾಜರುಪಡಿಸಬೇಕು. ರೂಪ ಬದಲಾದೀತೆಂದು ಹೆದರಿ ಅವನು ಇದುವರೆಗೆ ಅದರ ಉಣ್ಣೆಯನ್ನೇ ಕತ್ತರಿಸಿಲ್ಲ. ಪಾಪ, ಕಣ್ಣು ಕಾಣದೆ ಕಂಬಕ್ಕೆ ಹಾಯುತ್ತಿದೆ.

ಈಗ ಮುಖ್ಯ ವಿಷಯ. ಹದಿನೆಂಟನೇ ತಾರೀಖು ಕೋರ್ಟಿನಲ್ಲಿ ಆರೋಪ ಓದಿ, ತಪ್ಪು ಒಪ್ಪುತ್ತೀರಾ ಎಂದು ನಿಮ್ಮನ್ನು ಕೇಳುತ್ತಾರೆ. ಒಪ್ಪಿಬಿಡುತ್ತೇನೆ ಎಂದು ಮಗಳ ಹತ್ತಿರ ಹೇಳಿದಿರಂತೆ. "ನಿಮ್ಮವ್ವ ಕಟಕಟೆ ಹತ್ತಿ ತಮ್ಮನ್ ಎದುರಿಗೆ ಮಾತಾಡಾದು ಬ್ಯಾಡ ಕಣವ್ವ" ಎಂದಿರಂತೆ. ಕೇಳಿ ಅಳು ಬಂತು. ಆಮೇಲೆ ಸಿಟ್ಟು ಬಂತು. ಕಳ್ಳನ ಹೆಂಡತಿ ಎನಿಸಿಕೊಳ್ಳುವವಳು ನಾನು, ಕಳ್ಳನ ಮಗಳು ಎನಿಸಿಕೊಳ್ಳುವವಳು ಯಶೋದಾ. ನಮ್ಮನ್ನು ಒಂದು ಮಾತು ಕೇಳಿದಿರಾ?

ಉಚಿತ ಕಾನೂನು ನೆರವಿನಲ್ಲಿ ಸಿಕ್ಕ ನಿಮ್ಮ ವಕೀಲೆ ಬಿಂದು ಹೇಳಿದ್ದನ್ನು ಯಶೋದಾ ನನಗೂ ಹೇಳಿದ್ದಾಳೆ. "ಯಜಮಾನ್ರೇ, ಪೊಲೀಸ್ರ ಮುಂದೆ ಒಪ್ಕಂಡಿದ್ದು ಕೋರ್ಟಲ್ಲಿ ನಿಲ್ಲಲ್ಲ. ಜಡ್ಜ್ ಮುಂದೆ ಒಪ್ಕಂಡ್ರೆ ಮುಗೀತು. ಸುಮ್ನಿರೋದು ನಿಮ್ಮ ಹಕ್ಕೈತೆ." ಹಕ್ಕು ಎಂದಕೂಡಲೇ ನೀವು ಹೊಲದ ದಾರಿಯ ಹಕ್ಕಿನ ಬಗ್ಗೆ ಆ ಹೆಣ್ಣುಮಗಳಿಗೆ ಅರ್ಧ ಗಂಟೆ ಹೇಳಿದಿರಂತೆ. ಕೈ ಮುಗಿಯುತ್ತೇನೆ, ಆ ದಿನ "ಒಪ್ಪಲ್ಲ ಸ್ವಾಮಿ" ಎನ್ನಿ, ಅಲ್ಲಿಗೆ ನಿಲ್ಲಿಸಿ. ಬೋರ್‌ವೆಲ್ ವಿಷಯ ಬೇಡ.

ಆಮೇಲೆ ಹೇಳುವ ಸರದಿ ನನ್ನದು. ಆ ಮಧ್ಯಾಹ್ನ ಟಗರಿನ ಹಗ್ಗ ಬಿಚ್ಚಿ ನಿಮ್ಮ ಕೈಗೆ ಕೊಟ್ಟವಳು ನಾನೇ ಎಂದು ಹೇಳುತ್ತೇನೆ. ಊರಿಗೆಲ್ಲ ಎಲ್ಲವನ್ನೂ ಹೇಳುವ ನೀವು ಇದೊಂದನ್ನು ಏಳು ತಿಂಗಳು ಯಾರಿಗೂ ಹೇಳಲಿಲ್ಲ, ಪೊಲೀಸರಿಗೂ, ಮಗಳಿಗೂ. ಸುಮ್ಮನಿರಲು ನಿಮಗೂ ಬರುತ್ತದೆ ಎಂಬ ಧೈರ್ಯ ನನಗೆ ಬಂದಿದ್ದು ಅದರಿಂದಲೇ. ಪರಮೇಶನಿಗೆ ಮೊನ್ನೆಯೇ ಹೇಳಿದೆ. ಒಂದು ದಿನ ಅವನು ನನ್ನ ಮುಖ ನೋಡಲಿಲ್ಲ. ಇವತ್ತು ಬಂದು, "ಮೊದ್ಲೇ ಬಾಯ್ ಬಿಡಾಕೆ ಏನಾಗಿತ್ತಕ್ಕ? ಉಣ್ಣೆನಾದ್ರೂ ಕತ್ತರಿಸ್ತಿದ್ದೆ" ಎಂದ.

ಇಂತಿ,
ಎರಡನೇ ಸಾಕ್ಷಿ,
ಗಿರಿಯಮ್ಮ

ಮರೆತಿದ್ದೆ: ಹಗ್ಗ ಯಾರ ಕೈಗೆ ಕೊಟ್ಟೆ ಎಂದು ಕೋರ್ಟಿನಲ್ಲಿ ಕೇಳುತ್ತಾರಂತೆ. ನಮ್ಮನೆಯವರು, ಯಶೋದಾಳ ಅಪ್ಪ ಎಂದರೆ ಸಾಲದಂತೆ, ಹೆಸರೇ ಬೇಕಂತೆ. ಇಷ್ಟು ವರ್ಷ ಗಂಡನ ಹೆಸರು ಎತ್ತದ ನಾಲಿಗೆ ನನ್ನದು. ಅದಕ್ಕೇ ದಿನಾ ಬೆಳಿಗ್ಗೆ ಟಗರಿನ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದೇನೆ: ಗುಡ್ಡಪ್ಪ, ಗುಡ್ಡಪ್ಪ. ಈಗ ಆ ಹೆಸರು ಕೂಗಿದರೆ ಟಗರು ಓಡಿ ಬರುತ್ತದೆ. ಹಗ್ಗ ಯಾಕೆ ಕೊಟ್ಟೆ ಎಂದೂ ಕೇಳಬಹುದು. ಟಗರು ನಿಮ್ಮ ಮನೆಯಲ್ಲಿದ್ದರೆ, ಅದನ್ನು ನೋಡುವ ನೆಪದಲ್ಲಿ ನಾನೂ ಬರಬಹುದು ಎಂದುಕೊಂಡಿದ್ದೆ. ಕೇಸು ಮುಗಿದ ದಿನ ಬೈಕ್ ತನ್ನಿ. ಸ್ಟಾರ್ಟ್ ಮಾಡುವ ಮುಂಚೆ ಒಂದು ಸಲ ಹಿಂದೆ ತಿರುಗಿ ನೋಡಿ.