ಒಳಗೇ ಉಳಿದ ಕೆಮ್ಮು

ರಾಣೇಬೆನ್ನೂರು
೧೨ ಫೆಬ್ರುವರಿ ೨೦೨೫

ಆನಂದತೀರ್ಥರಿಗೆ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಫೋನಿನಲ್ಲಿ ನೀವು ಮಾತು ತಿರುಗಿಸುತ್ತೀರಿ, ಅದಕ್ಕೇ ಈ ಪತ್ರ. ಹೆಂಡತಿ ತವರಿಗೆ ಯಾಕೆ ಹೋದಳೆಂದು ನಿಮ್ಮ ಅವ್ವನಿಗೆ ಏನು ಹೇಳಿದ್ದೀರೋ, ನಿಜ ಇಷ್ಟೇ: ನಿಮ್ಮ ಮುಖ ನೋಡಿದರೆ ಹೇಸಿಗೆಯಾಗುತ್ತದೆ.

ಬ್ಯಾಡಗಿಯ ಆ ಶೆಡ್ಡಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರನ್ನು ನಿಮ್ಮ ಸಮೀಕ್ಷೆಗಾಗಿ 'ಕೆಮ್ಮು ಇದೆಯೇ' ಎಂದು ಕೇಳಿದವಳು ನಾನು. ಕೂಲಿಯವರ ಮೇಲ್ವಿಚಾರಕ ಮುಕಾದಮ ಎದುರಿಗೇ ನಿಂತಿದ್ದ, ಎಲ್ಲರೂ ಇಲ್ಲ ಅಂದರು. ಸಂಜೆ ಮಂಗಳವ್ವನ ಮನೆಗೆ ಹೋದರೆ, "ಖರೇ ಹೇಳಿದ್ರ ನಾಳಿಂದ ಬರಬ್ಯಾಡ ಅಂತಾನ್ರೀ" ಎಂದು ಸೆರಗು ಬಾಯಿಗಿಟ್ಟು ಕೆಮ್ಮಿದಳು. ಉಳಿದವರ ಮನೆಗಳಲ್ಲೂ ಅದೇ. ಅವರ ಮನೆಗಳಲ್ಲಿ ಸಿಕ್ಕ ಉತ್ತರಗಳನ್ನು ಪಟ್ಟಿಯಲ್ಲಿ ಶೆಡ್ಡಿನ ಉತ್ತರಗಳ ಜಾಗಕ್ಕೆ ಹಾಕುವುದಷ್ಟೇ ನಿಮ್ಮ ಕೆಲಸವಾಗಿತ್ತು.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು ನೀವು. ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಫಂಕ್ಷನ್, ಅಂದರೆ ಆದೇಶಗಳ ಸಣ್ಣ ಕಂತೆ, ಬರೆದು, ಅದರೊಳಗೆ ಉತ್ತರ ಬದಲಾಯಿಸಿ, "ನೋಡು, ಎಲ್ಲಾ ಸರಿ ಆತು" ಎಂದು ತೆರೆಯ ಮೇಲೆ ತೋರಿಸಿದಿರಿ. ಸರಿಯಾಗಿಯೇ ಕಂಡಿತು. ಆದರೆ ಫಂಕ್ಷನ್ನಿನೊಳಗೆ ಬದಲಾಗುವುದು ಪಟ್ಟಿಯ ಬರೀ ನಕಲು, ಕೆಲಸ ಮುಗಿದೊಡನೆ ಅಳಿದುಹೋಗುತ್ತದೆ. ಅದನ್ನು ಹೊರಗೆ ತಂದು ಇಟ್ಟುಕೊಳ್ಳಬೇಕು. ಒಳಗಿನ ನಕಲಿಗೂ ಹೊರಗಿನ ಪಟ್ಟಿಗೂ ಹೆಸರು ಒಂದೇ ಇತ್ತಲ್ಲ, ಎರಡೂ ಒಂದೇ ಎಂದುಕೊಂಡಿರಿ. ಹೊರಗಿನ ಪಟ್ಟಿಯಲ್ಲಿ 'ಇಲ್ಲ, ಇಲ್ಲ' ಎಂದೇ ಉಳಿಯಿತು. ಹಾವೇರಿಯಲ್ಲಿ ಶೆಡ್ಡಿನವರನ್ನೂ ಕರೆದಿದ್ದ ಸಭೆಯಲ್ಲಿ ನೀವು ವರದಿಯೆಂದು ಓದಿದ್ದೂ ಅದನ್ನೇ. ಕೆಮ್ಮೇ ಇಲ್ಲದ ಮೇಲೆ ಧೂಳು ಎಳೆಯುವ ಫ್ಯಾನ್ ಯಾಕೆ ಎಂದು ಶೆಡ್ಡಿನ ಮಾಲೀಕ ಕೇಳಿದ.

ಯಾರಿಗಾದರೂ ಆಗುವ ತಪ್ಪು ಅದು. ಹೇಸಿಗೆ ಅದಕ್ಕಲ್ಲ. ನಾನು ತಪ್ಪು ಹಿಡಿದು ತೋರಿಸಿದಾಗ ಅಡುಗೆಮನೆಯಲ್ಲಿ ಕೈ ಹಿಡಿದು, "ತಪ್ಪು ನಂದೇ ಅದ ಸುಲಭಾ" ಅಂದಿರಿ. ಮರುದಿನ ಅದೇ ಮಾಲೀಕ ಮನೆಗೆ ಬಂದು ವರದಿಯಲ್ಲಿ ಏನೋ ಎಡವಟ್ಟಾಗಿದೆಯಂತಲ್ಲ ಎಂದರೆ, "ಮನಿಯಾಕಿ ಬರದದ್ರೀ ಅದು, ನಾ ಅಷ್ಟು ನೋಡ್ಲಿಲ್ಲ" ಎಂದು ನಕ್ಕಿರಿ. ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅವನೂ ನಕ್ಕ. ವರದಿ ತಿದ್ದುವ ಮಾತೇ ಬರಲಿಲ್ಲ. ಆ ಚಹಾ ಬಚ್ಚಲಿಗೆ ಸುರಿದೆ.

ಹೊಟ್ಟೆಪಾಡಿಗೆ ಹೆದರಿ ಆ ಹೆಂಗಸರು ಮನೆಯೊಳಗೊಂದು, ಹೊರಗೊಂದು ಹೇಳಿದರು. ನಿಮಗೆ ಯಾವ ಮುಕಾದಮನ ಹೆದರಿಕೆ? ಅಡುಗೆಮನೆಯ ಕ್ಷಮೆ ನನಗೆ ಬೇಡ. ಹಾವೇರಿ ಸಭೆಯ ಅದೇ ಜನರೆದುರು ತಪ್ಪು ಒಪ್ಪಿಕೊಂಡು ವರದಿ ತಿದ್ದಿ. ನಾನು ವಾಪಸು ಬರುವ ಮಾತು ಆಮೇಲೆ.

ಸುಲಭಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಂಗಳವ್ವನ ಫೋನ್ ಬಂತು. ಇವತ್ತು ಮುಕಾದಮನ ಎದುರೇ, "ಕೆಮ್ಮು ಐತ್ರಿ, ಎಲ್ಲಾರಿಗೂ ಐತಿ" ಎಂದುಬಿಟ್ಟಳಂತೆ. ನಾಳೆಯಿಂದ ಬರಬೇಡ ಎಂದನಂತೆ. ಆಕೆಯ ಕೂಲಿ ಹೋಯಿತು. ನಿಮ್ಮದೇನು ಹೋಗುತ್ತದೆ?