ಬಾದಾಮಿ ಒಗ್ಗದ ರಕ್ತ

ಭಾನುವಾರ, ಮಧ್ಯಾಹ್ನ
ಬೇಕರಿಯ ಮೇಲಿನ ಮನೆಯಿಂದ

ಪ್ರೀತಿಯ ಅಣ್ಣನಿಗೆ,

ನನ್ನ ಅಕ್ಷರ ಕಂಡ ಕೂಡಲೇ ಕಾಗದ ಮಡಚಿಡಬೇಡ, ಪೂರ್ತಿ ಓದು. ನಾವಿಬ್ಬರೂ ಮಾತು ಬಿಟ್ಟು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲು ಕೂತರೆ ಮತ್ತೆ ಸಿಟ್ಟು ಬರುತ್ತದೆ, ಅದಕ್ಕೇ ಹಾಕುತ್ತಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನನಗೆ ಮೂಳೆಯ ಮಜ್ಜೆ ಕೊಟ್ಟವನು ನೀನು. ಅಲ್ಲ ಅನ್ನಬೇಡ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಸುಮ್ಮನಿರಲು ಮಾತ್ರ ಬರುತ್ತದೆ.

ನಿನ್ನಿಂದ ಇನ್ನೊಂದು ಉಪಕಾರ ಆಗಬೇಕಿದೆ, ನನ್ನ ಜೀವ ಅದರ ಮೇಲೆ ನಿಂತಿದೆ. ಅದನ್ನು ಕೇಳುವ ಮೊದಲು ನನಗೆ ಹೇಗೆ ಗೊತ್ತಾಯಿತೆಂದು ಹೇಳಿಬಿಡುತ್ತೇನೆ. ಶುರುವಾಯಿತಲ್ಲ ಗಿರಣಿ ಅಂದುಕೊಳ್ಳುತ್ತೀಯ. ಅಂದುಕೋ, ಆ ಹೆಸರಿಟ್ಟವನೇ ನೀನು.

ಕಾಯಿಲೆ ಮೊದಲು ಕತ್ತಿನಲ್ಲಿ ಗಡ್ಡೆಯಾಗಿ ಬಂತು. ಲಿಂಫೋಮಾ, ಬಿಳಿ ರಕ್ತಕಣಗಳ ಕ್ಯಾನ್ಸರ್. ಔಷಧಿಗೆ ಕರಗಿತು, ವರ್ಷ ತುಂಬುವುದರೊಳಗೆ ತಿರುಗಿ ಬಂತು. ಇನ್ನು ಬೇರೆಯವರ ಮಜ್ಜೆ ಹಾಕುವುದೊಂದೇ ದಾರಿ, ಒಡಹುಟ್ಟಿದವರು ಯಾರಾದರೂ ಇದ್ದಾರಾ ಎಂದು ನಮ್ಮ ರಕ್ತದ ಡಾಕ್ಟರಮ್ಮ ಕೇಳಿದರು. ಇಲ್ಲ ಅಂದೆ. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೆಲವು ವಾರಗಳ ಮೇಲೆ, ಹೊಂದುವ ದಾನಿಯೊಬ್ಬರು ಸಿಕ್ಕಿದ್ದಾರೆ, ಹೆಸರು ಹೇಳಲು ಅವರ ಒಪ್ಪಿಗೆಯಿಲ್ಲ ಎಂಬ ಸುದ್ದಿ ಬಂತು. ಯಾರೋ ಪುಣ್ಯಾತ್ಮರು, ತಣ್ಣಗಿರಲಿ ಅಂದುಕೊಂಡೆ.

ಮಜ್ಜೆ ಹಾಕುವುದೆಂದರೆ ದೊಡ್ಡ ಆಪರೇಷನ್ ಅಂತ ಹೆದರಿದ್ದೆ. ನೋಡಿದರೆ ಒಂದು ಕೆಂಪು ಚೀಲ, ಒಂದು ಕೊಳವೆ. ಇಷ್ಟೇನಾ ಅಂತ ಕೇಳಿ ನರ್ಸನ್ನು ನಗಿಸಿದೆ. ಆಮೇಲೆ ನನ್ನ ನಗು ಹೊರಟುಹೋಯಿತು. ಕೊಳವೆ ಹಾಕಿದ್ದ ತೋಳು ಊದಿಕೊಂಡಿತು, ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಅದೇ ಹೊತ್ತಿಗೆ ಪ್ಲೇಟ್‌ಲೆಟ್ ಪಾತಾಳಕ್ಕಿಳಿದು ಒಸಡಿನಿಂದ ರಕ್ತ ಜಿನುಗುತ್ತಿತ್ತು. ರಕ್ತ ತೆಳುವಾಗಲು ಇಂಜೆಕ್ಷನ್ ಕೊಟ್ಟರೆ ತಲೆಯೊಳಗೇ ಸೋರಬಹುದು, ಕೊಡದಿದ್ದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಡಾಕ್ಟರಮ್ಮ ಪ್ರತಿ ಬೆಳಿಗ್ಗೆ ಬಂದು ರಕ್ತದ ವರದಿ ನೋಡುತ್ತಿದ್ದರು, ನನ್ನ ತೋಳು ಮುಟ್ಟುತ್ತಿದ್ದರು, ಆಮೇಲಷ್ಟೇ ಆ ದಿನದ್ದು ತೀರ್ಮಾನ. ಒಂದು ದಿನ ಅರ್ಧ ಡೋಸು, ಒಂದು ದಿನ ಏನೂ ಇಲ್ಲ, ಒಂದು ದಿನ ಮೊದಲು ಪ್ಲೇಟ್‌ಲೆಟ್ ಏರಿಸಿ ಆಮೇಲೆ ಇಂಜೆಕ್ಷನ್. ಇದಕ್ಕೆಲ್ಲ ಒಂದು ಅಳತೆ ಇರುವುದಿಲ್ಲವಾ ಅಂದೆ. ಪುಸ್ತಕದಲ್ಲಿ ಇದೆ, ಆದರೆ ಆ ಪುಸ್ತಕಕ್ಕೆ ನಿಮ್ಮ ಪರಿಚಯ ಇಲ್ಲ ಅಂದರು. ನನಗೆ ಅಪ್ಪ ನೆನಪಾದರು. ಪ್ರತಿ ಸಲ ಬ್ರೆಡ್ಡಿನ ತಟ್ಟೆ ಒಳಗೆ ತಳ್ಳುವ ಮೊದಲು ಒಲೆಯ ಬಾಯಿಗೆ ಕೈ ಹಿಡಿದು ನೋಡುತ್ತಿದ್ದರಲ್ಲ, ಹಾಗೆ. ಆವತ್ತಿನಿಂದ ಅವರು ಏನು ಹೇಳಿದರೂ ಹೂಂ ಅಂದೆ.

ಮನೆಗೆ ಬಂದು ಕೆಲವು ತಿಂಗಳಿಗೆ ನನ್ನ ರಕ್ತದ ಗುಂಪೇ ಬದಲಾಯಿತು. ಇನ್ನು ದಾನಿಯ ಗುಂಪೇ ನನ್ನದಂತೆ. ಅಪ್ಪನ ಆಪರೇಷನ್ನಿಗೆ ನೀನು ರಕ್ತ ಕೊಟ್ಟಾಗ, ಇದೇ ಗುಂಪಿನ ಹೆಸರು ಹೇಳಿ ಅಪರೂಪದ್ದು ಅಂತ ನರ್ಸು ಅಂದಿದ್ದು ಥಟ್ಟನೆ ನೆನಪಾಯಿತು. ಅಪರೂಪವಾದರೂ ಲೋಕದಲ್ಲಿ ಸಾವಿರಾರು ಜನಕ್ಕೆ ಇರಬಹುದು ಅಂತ ತಲೆ ಕೊಡವಿಕೊಂಡೆ.

ಮೆಟ್ಟಿಲು ಇಳಿಯುವಷ್ಟು ಶಕ್ತಿ ಬಂದ ದಿನ ಕೆಳಗೆ ಅಂಗಡಿಗೆ ಹೋಗಿ ಬಿಸಿ ಬಾದಾಮಿ ಬಿಸ್ಕೆಟ್ ಒಂದನ್ನು ಬಾಯಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿನಲ್ಲೇ ತುಟಿ ಬನ್ನಿನಂತೆ ಊದಿತು, ಗಂಟಲು ಕೆರೆಯಿತು. ಹಿಡಿಗಟ್ಟಲೆ ಬಾದಾಮಿ ಮುಕ್ಕುತ್ತಿದ್ದವಳು ನಾನು. ಅಪರೂಪಕ್ಕೊಮ್ಮೆ ದಾನಿಗೆ ಒಗ್ಗದ್ದು ಮಜ್ಜೆಯ ಜೊತೆಗೇ ಬಂದುಬಿಡುತ್ತದೆ ಅಂದರು ಡಾಕ್ಟರಮ್ಮ. ಹಾಗಾದರೆ ಬಾದಾಮಿ ಒಗ್ಗದ ಆ ದಾನಿ ಯಾರು ಅಂತ ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು ಮಾತ್ರೆ ಬರೆದುಕೊಟ್ಟರು. ಮನೆಯಲ್ಲಿ ಮಗಳನ್ನು ಕೇಳಿದರೆ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ಇಬ್ಬರೂ ನಿನ್ನ ಗುಟ್ಟು ಕಾಪಾಡಿದ್ದಾರೆ, ಅವರನ್ನು ಬೈಯಬೇಡ.

ಬೈಯಬೇಕಾದದ್ದು ನಿನ್ನನ್ನು. ಅಪ್ಪ ಇರುವವರೆಗೆ ನಿನಗಾಗಿ ಬೇಕರಿಯೊಳಗೆ ಒಂದು ಬಾದಾಮಿಯೂ ಬರಲಿಲ್ಲ. ಅವರು ಹೋದ ಮೇಲೆ ವ್ಯಾಪಾರ ನೆಲ ಕಚ್ಚಿತು, ನಾನು ಬಾದಾಮಿ ಬಿಸ್ಕೆಟ್ ಶುರು ಮಾಡಿದೆ. ನೀನು ಬೇಡ ಅನ್ನಲಿಲ್ಲ. ಕೆಮ್ಮುತ್ತಾ ಹೊರಗೆ ಹೋಗಿ ನಿಲ್ಲುತ್ತಿದ್ದೆ, ಒಂದು ಬೆಳಿಗ್ಗೆ ಏಪ್ರನ್ ಮೊಳೆಗೆ ಸಿಕ್ಕಿಸಿ ಬೇರೆಯವರ ಬೇಕರಿಗೆ ಕೆಲಸಕ್ಕೆ ಹೋದೆ. ಬೇಡ ಅಂದಿದ್ದರೆ ನಾನು ಜಗಳವಾಡುತ್ತಿದ್ದೆ, ನಿಜ. ಗೆಲ್ಲುತ್ತಿದ್ದೆನೋ ಸೋಲುತ್ತಿದ್ದೆನೋ, ನೀನು ಮಾತ್ರ ಇಲ್ಲೇ ಇರುತ್ತಿದ್ದೆ. ಹೋಗುವಾಗ ಹೇಳಲಿಲ್ಲ, ಸೊಂಟದ ಮೂಳೆಗೆ ಸೂಜಿ ಚುಚ್ಚಿಸಿಕೊಳ್ಳುವಾಗಲೂ ಹೇಳಲಿಲ್ಲ. ಇಂಥ ಉಪಕಾರಕ್ಕೆ ನನಗೆ ಮೈಯೆಲ್ಲ ಉರಿಯುತ್ತದೆ. ಅಳುವೂ ಬರುತ್ತದೆ.

ಈಗ ಕೇಳಬೇಕಾದದ್ದು. ಹೋದ ವಾರದ ಪರೀಕ್ಷೆಯಲ್ಲಿ ನನ್ನ ಹಳೆಯ ರಕ್ತ ಮತ್ತೆ ತಲೆಯೆತ್ತಿರುವುದು ಕಂಡಿದೆ, ಹಾಗೇ ಬಿಟ್ಟರೆ ಕಾಯಿಲೆಯೂ ತಿರುಗಿ ಬರುತ್ತದಂತೆ. ಅದನ್ನು ಅಡಗಿಸಲು ದಾನಿಯ ಬಿಳಿ ಕಣಗಳು ಇನ್ನೊಮ್ಮೆ ಬೇಕಂತೆ. ಈ ಸಲ ಮೂಳೆಗೆ ಕೈ ಹಾಕುವುದಿಲ್ಲ, ತೋಳಿನ ನರದಿಂದ ತೆಗೆಯುತ್ತಾರೆ. ಫಲ ಸಿಕ್ಕೇ ಸಿಗುತ್ತದೆಂದು ಡಾಕ್ಟರಮ್ಮ ಮಾತು ಕೊಡಲಿಲ್ಲ. ದಾನಿಯನ್ನು ತಾವೇ ಕೇಳುತ್ತೇವೆ, ಅವರು ಆಗದು ಅಂದರೆ ಯಾಕೆಂದು ಯಾರೂ ಕೇಳುವ ಹಾಗಿಲ್ಲ ಅಂದರು. ನೀವು ಕೇಳಬೇಡಿ, ನನ್ನ ಅಣ್ಣನನ್ನು ನಾನೇ ಕೇಳುತ್ತೇನೆ ಅಂದೆ. ಅವರು ಮತ್ತೆ ಕನ್ನಡಕ ಒರೆಸಿಕೊಂಡರು.

ಕೊಡುತ್ತೀಯಾ? ಆಗದಿದ್ದರೆ ಆಗದು ಅಂತ ಬಾಯಿ ಬಿಟ್ಟು ಹೇಳು, ನಾನು ಮುನಿಸಿಕೊಳ್ಳುವುದಿಲ್ಲ. ಕೊಡುವುದಾದರೆ ಈ ಸಲ ಕದ್ದು ಬಂದು ಹೋಗಬೇಡ. ನನ್ನ ಹಾಸಿಗೆಯ ಪಕ್ಕದಲ್ಲಿ ಒಂದು ಕುರ್ಚಿ ಇರುತ್ತದೆ, ಅಲ್ಲಿ ಕೂತುಕೋ. ಮಾತೆಲ್ಲ ನಾನಾಡುತ್ತೇನೆ. ನನಗೆ ಹೆದರಿಕೆಯಾಗಿದೆ ಅಣ್ಣ.

ನಿನ್ನ ತಂಗಿ,
ಗಿರಣಿ

ತಾ.ಕ.: ಬಾದಾಮಿ ಈಗ ಬೇಕರಿಯಲ್ಲಿ ಇಲ್ಲ. ನನಗೇ ಆಗುವುದಿಲ್ಲವಲ್ಲ, ಒಲೆ, ತಟ್ಟೆ, ಗೋಡೆ ಎಲ್ಲ ಉಜ್ಜಿ ತೊಳೆಸಿದ್ದೇನೆ. ಇನ್ನೊಂದು ಮಾತು, ಡಾಕ್ಟರಮ್ಮನಿಗೂ ಮಗಳಿಗೂ ಹೇಳಬೇಡ, ಇಬ್ಬರೂ ಸೇರಿ ನನ್ನ ಚರ್ಮ ಸುಲಿಯುತ್ತಾರೆ. ಮೊದಲ ಸಲ ಊದಿದ್ದು ಬೇರೆ ಯಾವ ಕಾರಣಕ್ಕೋ ಇರಬಹುದು ಅನ್ನಿಸಿತ್ತು. ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು, ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದು ಬಾದಾಮಿ ತಿಂದೆ. ಕನ್ನಡಿ ಮುಂದೆ ಕೂತು, ಊದಲಿ ದೇವರೇ, ಊದಲಿ ಅಂತ ಕಾದೆ. ಊದಿತು.