ಮೂರನೆಯದನ್ನು ನಾನು ಕೇಳಲೇ ಇಲ್ಲ

ಅಮ್ಮಾ,

ಬಸ್ಸಿನಲ್ಲಿ ಹದಿನೈದು ನಿಮಿಷ ಕೂತರೆ ಸಿಗುವವಳಿಗೆ ಪತ್ರವೇ ಎಂದು ನೀನು ನಗುತ್ತೀಯ. ನಗು. ಎದುರಿಗೆ ಕೂತು ಹೇಳಹೊರಟರೆ "ಬಿಡೇ, ಆಗಿದ್ದು ಆಯ್ತು" ಎಂದು ನನ್ನ ಬಾಯಿ ಮುಚ್ಚಿಸುತ್ತೀಯ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಲೂ ಆಗದು.

ನೀನು ಮೆಟ್ಟಿಲಲ್ಲಿ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡ ವಾರವೇ ಅಣ್ಣ, ನಾನು ನಿನ್ನ ಮನೆಯ ಮುಂದಿನ ಕೋಣೆಯಲ್ಲಿ ಸಭೆ ಸೇರಿದೆವು. ಸಭೆ ಎಂದರೆ ಏನು, ರಟ್ಟಿನ ಕಟ್ಟುಗಳ ಮೇಲೆ ಅವನು, ಅಂಟಿನ ಡಬ್ಬಿ ಸರಿಸಿ ಪಕ್ಕದಲ್ಲಿ ನಾನು. ಅಪ್ಪ ಹೋದ ಮೇಲೆ ಹದಿನೆಂಟು ವರ್ಷ ನೀನು ಹರಿದ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತ ಬದುಕಿದ ಕೋಣೆ ಅದು. ಅಲ್ಲಿ ಕೂತೇ ನಾನು ಕೇಳಿದೆ, "ಅಮ್ಮ, ಈಗಲೇ ಹೇಳಿಬಿಡು. ಅಣ್ಣನ ಮನೆಗೆ ಹೋಗ್ತೀಯೋ, ನಮ್ಮನೆಗೆ ಬರ್ತೀಯೋ?" ನೀನು ನಮ್ಮಿಬ್ಬರ ಮುಖವನ್ನೂ ನೋಡಿದೆ. "ನಿಮ್ಮನೆಗೇ ಬರ್ತೀನಿ ಬಿಡು, ಅಲ್ಲಿ ಮೆಟ್ಟಿಲಿಲ್ಲ" ಅಂದೆ.

ನನಗೆ ಹಾಲು ಕುಡಿದಷ್ಟು ಸಂತೋಷ. ಅಣ್ಣನ ಮುಂದೆ ಗೆದ್ದ ಜಂಬ ಬೇರೆ. ಅಮ್ಮನೇ ಆರಿಸಿಕೊಂಡಳು, ನಾವೇನೂ ಬಲವಂತ ಮಾಡಲಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಸಾರಿದೆ. ಕೆಳಗಿರುವ ಮನೆಯೊಡತಿಗೆ ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡುತ್ತೇವೆ ಎಂದೆ. ಪುಸ್ತಕ ಒತ್ತುವ ನಿನ್ನ ಕಬ್ಬಿಣದ ಪ್ರೆಸ್ಸು ನಮ್ಮ ಬಾಗಿಲಲ್ಲಿ ಹಿಡಿಸದೆಂದು ಗುಜರಿಯವನಿಗೆ ಆ ತಿಂಗಳ ಕೊನೆಯ ಶನಿವಾರ ಬಾ ಎಂದೂ ಹೇಳಿಯಾಯಿತು. ನನ್ನ ಕೆಲಸ ಯಾವತ್ತೂ ಹೀಗೇ, ಚಕಚಕ. ಚಿಕ್ಕಂದಿನಲ್ಲೇ ನೀನು ನನ್ನನ್ನು "ಗಡಿಬಿಡಿ" ಎಂದು ಕರೆದದ್ದು ಸುಮ್ಮನೆ ಅಲ್ಲ.

ನಮ್ಮ ಮನೆಯಲ್ಲಿ ನೀನು ಎಷ್ಟು ಒಳ್ಳೆಯವಳಾಗಿಬಿಟ್ಟೆ! ಅದೇ ನನಗೆ ಅನುಮಾನ ಹುಟ್ಟಿಸಬೇಕಿತ್ತು. ಕಿಟಕಿ ತೆರೆಯಲೇ ಎಂದರೆ ನಿಮಗೆ ಹೇಗೆ ಬೇಕೋ ಹಾಗೆ. ಊಟಕ್ಕೆ ಏನು ಮಾಡಲಿ ಎಂದರೆ ಏನಾದರೂ ಸರಿ. ಉಪ್ಪು ಒಂದು ಕಲ್ಲು ಹೆಚ್ಚಾದರೂ ಮನೆ ಮೇಲೆಕೆಳಗೆ ಮಾಡುತ್ತಿದ್ದ ನೀನು, ರೈಲಿಗೆ ಕಾಯುವವರ ಹಾಗೆ, ಸೋಫಾದ ತುದಿಯಲ್ಲಿ ಚೀಲ ಪಕ್ಕಕ್ಕಿಟ್ಟುಕೊಂಡು ಕೂರುತ್ತಿದ್ದೆ. ಕೈಗೆ ಹಾಕಿದ್ದ ಪಟ್ಟಿ ಬಿಚ್ಚಿದ ಮೇಲೂ ಅಷ್ಟೇ. "ಇಲ್ಲಿ ಆರಾಮಾಗಿದೀಯ ತಾನೇ?" ಎಂದು ನಾನು ದಿನಾ ಕೇಳುವುದು, "ಹೂಂ, ಆರಾಮ" ಎಂದು ನೀನು ದಿನಾ ಹೇಳುವುದು. ಹಾಗೆ ಕೇಳಿದರೆ ಯಾರಾದರೂ ಇಲ್ಲ ಎಂದಾರೆಯೇ?

ಆ ಗುರುವಾರ ನನ್ನ ಕನ್ನಡಕದ ಅಂಗಡಿಗೆ ಹಳೆಯ ಗಿರಾಕಿಯೊಬ್ಬರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ನಾನು ಕೊಟ್ಟ ಕನ್ನಡಕವನ್ನೇ ಹಿಡಿದು ವಾಪಸ್ ಬಂದರು. ಹಾಕಿಕೊಂಡರೆ ತಲೆನೋವಂತೆ. ಮತ್ತೆ ಕೂರಿಸಿ, ಗಾಜು ಬದಲಿಸುತ್ತ, ಮೊದಲನೆಯದು ಚೆನ್ನಾಗಿದೆಯೋ ಎರಡನೆಯದೋ ಎಂದು ಕೇಳಿದೆ. "ಎರಡನೇದು" ಅಂದರು. ಏನೋ ಅನುಮಾನ ಬಂದು ಅವೇ ಎರಡು ಗಾಜನ್ನು ಹಿಂದುಮುಂದು ಮಾಡಿ ಕೇಳಿದೆ. ಆಗಲೂ "ಎರಡನೇದೇ." ಮೇಷ್ಟ್ರೇ, ನಿಜ ಹೇಳಿ ಎಂದೆ. ಅವರು ಸಂಕೋಚದಿಂದ, "ಎರಡೂ ಮಂಜು ಮಂಜೇ ಕಣಮ್ಮ. ನೀವು ಅಷ್ಟು ಕಷ್ಟಪಟ್ಟು ಕೇಳ್ತಾ ಇದೀರಿ. ಎರಡರಲ್ಲಿ ಒಂದು ಹೇಳದಿದ್ರೆ ನಿಮಗೆ ಬೇಜಾರಾಗಲ್ವಾ?" ಅಂದರು.

ನನಗೆ ಕೆಲಸ ಕಲಿಸಿದ ಯಜಮಾನರು, ಇದೋ, ಅದೋ, ಎರಡೂ ಸರಿಯಿಲ್ಲವೋ ಎಂದು ಮೂರನ್ನೂ ಕೇಳಿಸುತ್ತಿದ್ದರು. ಮೂರನೆಯದನ್ನು ಕೇಳದಿದ್ದರೆ ಜನ ಮರ್ಯಾದೆಗಾಗಿ ಸುಳ್ಳು ಹೇಳುತ್ತಾರೆ ಎನ್ನುತ್ತಿದ್ದರು. ಗಿರಾಕಿಗಳು ಹೆಚ್ಚಿದಂತೆ ಆ ಮಾತು ನನ್ನ ಬಾಯಿಂದ ಯಾವಾಗಲೋ ಬಿದ್ದುಹೋಗಿತ್ತು. ಮೇಷ್ಟ್ರಿಗೆ ಸರಿಯಾದ ಗಾಜು ಹುಡುಕಿ ಕಳಿಸಿ, ಅವರು ಕೂತಿದ್ದ ಕುರ್ಚಿಯಲ್ಲೇ ಕೂತೆ. ಅಮ್ಮಾ, ನಿನ್ನ ಮುಂದೆಯೂ ನಾನು ಹಿಡಿದದ್ದು ಎರಡೇ.

ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದೆ. ನೀನು ಒಗೆದ ಬಟ್ಟೆ ಮಡಿಸುತ್ತಿದ್ದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಹೇಳಿಬಿಟ್ಟೆ ನಾನು: "ಅಣ್ಣನ ಮನೆ ಇದೆ, ನಮ್ಮನೆ ಇದೆ, ನಿನ್ನ ಮನೆನೂ ಇದೆ. ಎಲ್ಲಿರ್ಬೇಕು ಅನ್ಸುತ್ತಮ್ಮ ನಿನಗೆ? ಯಾವುದು ಹೇಳಿದ್ರೂ ನನಗೆ ಬೇಜಾರಿಲ್ಲ." ನೀನು ಮಡಿಸಿದ್ದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದೆ. ಆಮೇಲೆ ಕೇಳಿದೆ, "ಗುಜರಿಯವನು ಬರೋದು ನಾಡಿದ್ದು ಅಲ್ವೇನೇ? ಅವನಿಗೆ ಬರಬೇಡ ಅಂತ ಹೇಳೋಕಾಗುತ್ತಾ?"

ನೀನೂ ಅತ್ತೆ, ನಾನೂ ಅತ್ತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ನಿಂತೆ. ನೀನು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ನೀನು ಹೇಳಿದ್ದು ಎರಡು ಮನೆ. ನಂದು ಅದರಲ್ಲಿ ಇರಲೇ ಇಲ್ವಲ್ಲೇ, ಗಡಿಬಿಡಿ. ಮಕ್ಕಳು ಯೋಚನೆ ಮಾಡಿಯೇ ಅದನ್ನ ಬಿಟ್ಟಿರ್ತಾರೆ ಅಂದ್ಕೊಂಡೆ."

ನಾವು ಯೋಚನೆ ಮಾಡಿಯೇ ಇರಲಿಲ್ಲ ಅಮ್ಮ. ಅಷ್ಟೇ ನಿಜ. ಪುಣ್ಯಕ್ಕೆ ಮನೆಯೊಡತಿ ಇನ್ನೂ ಯಾರಿಗೂ ಮಾತು ಕೊಟ್ಟಿರಲಿಲ್ಲ. "ನಾನೂ ಇದೀನಲ್ಲ, ಬೆಳಿಗ್ಗೆ ಸಂಜೆ ಕೂಗಿ ವಿಚಾರಿಸ್ತೀನಿ" ಎಂದರು. ಅಣ್ಣ ಮೊದಲು ರೇಗಿದ, ಆಮೇಲೆ ತಾನೇ ನಿಂತು ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಹಾಕಿಸಿದ. ಇನ್ನೆರಡು ದಿನ ತಡವಾಗಿದ್ದರೆ? ಪ್ರೆಸ್ಸು ಹೋಗಿರುತ್ತಿತ್ತು, ಕೋಣೆಗೆ ಬೇರೆಯವರು ಬಂದಿರುತ್ತಿದ್ದರು. ನೀನು ಉಳಿದ ವರ್ಷಗಳನ್ನೆಲ್ಲ "ಹೂಂ, ಆರಾಮ" ಎನ್ನುತ್ತಲೇ ಕಳೆದುಬಿಡುತ್ತಿದ್ದೆ, ನಾನು ಒಳ್ಳೆಯ ಮಗಳೆಂದು ಬೀಗುತ್ತಲೇ ಇರುತ್ತಿದ್ದೆ.

ನೀನು ನಿನ್ನ ಮನೆಗೆ ವಾಪಸ್ ಹೋದ ಮೇಲೆ ನಮ್ಮನೆ ಬಿಕೋ ಎನ್ನುತ್ತದೆ, ಸುಳ್ಳು ಹೇಳುವುದಿಲ್ಲ. ಅದಕ್ಕೇ ನಿನ್ನೆ ಫೋನ್ ಮಾಡಿ, ಭಾನುವಾರ ಬರಲೇ ಎಂದು ಕೇಳಿದ್ದು. "ಬೇಡ. ಲೈಬ್ರರಿಯಿಂದ ನಲವತ್ತು ಪುಸ್ತಕ ಬಂದಿವೆ. ನೀನು ಬಂದ್ರೆ ಮಾತಾಡಿಸ್ತಾ ಕೂರ್ತೀಯ, ನನ್ನ ಕೆಲಸ ಕೆಡುತ್ತೆ" ಎಂದವಳೇ ಫೋನ್ ಇಟ್ಟುಬಿಟ್ಟೆ. ಅಂಗಡಿಯಲ್ಲಿ ಒಬ್ಬಳೇ ನಿಂತು ನಕ್ಕೆ, ಅಮ್ಮ. ನೀನು ಬಿದ್ದ ದಿನದಿಂದ ಇವತ್ತಿನವರೆಗೆ ನೀನು ನನಗೆ "ಬೇಡ" ಎಂದದ್ದು ಅದೇ ಮೊದಲು. ಹೋದ ಜೀವ ಬಂದಂತಾಯಿತು.

ಮಣಿಕಟ್ಟಿಗೆ ಮೊದಲಿನ ಬಲ ಬರಲಿ, ಕೈತುಂಬ ಕೆಲಸವಿರಲಿ. ಈ ಭಾನುವಾರ ಬೇಡ; ಅದರ ಮುಂದಿನ ಭಾನುವಾರ, ನೀನು ಹೂಂ ಅಂದರೆ, ಬರುತ್ತೇನೆ.

ನಿನ್ನ
ಗಡಿಬಿಡಿ